ಊದುಬತ್ತಿ ಕಡ್ಡಿಯ ಭರ್ಜಿ ಹಿಡಿದ ಮೈಸೂರು ಸವಾರ

ಬಿಡಿಭಾಗಗಳನ್ನು ಜೋಡಿಸಿ ಬಣ್ಣ ಹಚ್ಚಲೆಂದು ಅಂಗಡಿಗಳಲ್ಲಿ ಸಿಗುವ ಪುಟ್ಟ ಸೈನಿಕ ಬೊಂಬೆಗಳ (ಫಿಗರ್) ಕಿಟ್‌ಗಳಲ್ಲಿ ನೆಪೋಲಿಯನ್ನನ ಕಾವಲುಪಡೆಯವರಿಗೂ ಜರ್ಮನ್ ಟ್ಯಾಂಕ್ ಪಡೆಯವರಿಗೂ ಬರವಿಲ್ಲ. ಆದರೆ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸವಾರನೊಬ್ಬನನ್ನು ಹುಡುಕಿ ನಾನು ಸೋತೆ. ಕೊನೆಗೆ ಮೊದಲ ಮಹಾಯುದ್ಧದ ಬ್ರಿಟಿಷ್ ಸವಾರನ 75 ಮಿ.ಮೀ. ಎತ್ತರದ, ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತುವನ್ನು ಅಚ್ಚಿನಲ್ಲಿ ಎರೆದು ಮಾಡಿದ ಕಿಟ್ ಒಂದನ್ನು ತರಿಸಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್ಸ್ ದಳದ ಜೊತೆಗೂಡಿ ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಮೈಸೂರು ದಳದವನನ್ನಾಗಿ ಅವನನ್ನೇ ಮಾರ್ಪಡಿಸಲು ನಿರ್ಧರಿಸಿದೆ. ಆ ದಿನ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇರಿ, ಅಲ್ಲಿದ್ದ ಆಸ್ಟ್ರಿಯನ್ ಫಿರಂಗಿಗಳ ಮೇಲೆ ಎರಗಿತ್ತು. ಬೆಟ್ಟದ ಬುಡದಲ್ಲಿ ಕುದುರೆಯಿಂದಿಳಿದು ಮೇಲೆ ನೋಡುತ್ತಿರುವ ಸವಾರ ನನ್ನ ಮನಸ್ಸಿನಲ್ಲಿದ್ದ. ಕುದುರೆಯನ್ನು ಮಾಡುವ ಧೈರ್ಯ ಇರಲಿಲ್ಲವೆಂಬುದೂ ನಿಜ.

ರೆಸಿನ್ ಭಾಗಗಳ ಮೇಲೆ ಅಚ್ಚಿನ ಜಿಡ್ಡು ಉಳಿದಿರುತ್ತದೆ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಅಚ್ಚಿನ ಗೆರೆಗಳನ್ನು ಬ್ಲೇಡಿನಿಂದ ಕೆರೆದು ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ಕೈ ಮತ್ತು ಕುತ್ತಿಗೆಯ ಸಂದುಗಳಲ್ಲಿ ಸಣ್ಣ ರಂಧ್ರ ಕೊರೆದು ಪೇಪರ್ ಕ್ಲಿಪ್ಪಿನ ತಂತಿಯ ತುಂಡುಗಳನ್ನು ಒಳಗಿಟ್ಟು ಅಂಟಿಸಿದೆ. ಬರಿಯ ಅಂಟನ್ನೇ ನಂಬಿದರೆ ಒಂದಲ್ಲ ಒಂದು ದಿನ ಕೈ ಕಳಚಿ ಬೀಳುವುದು ಖಂಡಿತ.

ಕಿಟ್‌ನವನ ತಲೆಯ ಮೇಲಿದ್ದ ಬಿಸಿಲುಟೋಪಿಯನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಪೇಟ ಸುತ್ತಬೇಕಿತ್ತು. ನಲ್ಲಿಯ ಸೋರಿಕೆ ಮುಚ್ಚಲು ಬಳಸುವ ಎಪಾಕ್ಸಿ ಪುಟ್ಟಿಯಲ್ಲಿ ಮೊದಲು ಪ್ರಯತ್ನಿಸಿದೆನಾದರೂ ಅದು ತರಿತರಿಯಾಗಿದ್ದು ಬೇಗ ಗಟ್ಟಿಯಾಗುತ್ತಿದ್ದುದರಿಂದ ನೆರಿಗೆಗಳು ನಿಲ್ಲಲಿಲ್ಲ. ಮಾದರಿ ಕೆಲಸಕ್ಕೆಂದೇ ಇರುವ ನಯವಾದ ಪುಟ್ಟಿಯ ಎರಡು ಭಾಗಗಳನ್ನು ಸಮನಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಪಟ್ಟಿಗಳಾಗಿ ಕತ್ತರಿಸಿ, ನಿಜವಾದ ಪೇಟವನ್ನು ಕಟ್ಟುವ ಕ್ರಮದಲ್ಲಿಯೇ ಒಂದರ ಮೇಲೊಂದು ಓರೆಯಾಗಿ ಸುತ್ತಿದಾಗ ಮಾತ್ರ ಅದು ಬಟ್ಟೆಯಂತೆ ಕಂಡಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಸವಾರರ ಪ್ರತೀಕವಾಗಿ ನಿಂತಿರುವ ಮೂರು ಕಂಚಿನ ಪ್ರತಿಮೆಗಳ ಪೇಟಗಳನ್ನು ಹಿಂದೊಮ್ಮೆ ಸುತ್ತಲಿಂದಲೂ ಫೋಟೊ ತೆಗೆದಿಟ್ಟುಕೊಂಡಿದ್ದೆ; ಆ ಚಿತ್ರಗಳು ಈಗ ಕೆಲಸಕ್ಕೆ ಬಂದವು.

ಭರ್ಜಿಯ ವಿಷಯದಲ್ಲಿ ಲೆಕ್ಕ ಸರಳವಾಗಿತ್ತು. 75 ಮಿ.ಮೀ. ಫಿಗರ್ ಎಂದರೆ ಸುಮಾರು 1:24 ಪ್ರಮಾಣ. ಒಂಬತ್ತು ಅಡಿಯ ಬಿದಿರು ಭರ್ಜಿ ಇಲ್ಲಿ 114 ಮಿ.ಮೀ. ಆಗುತ್ತದೆ. ಹಿತ್ತಾಳೆ ಸರಳಿಗಾಗಿ ಅಂಗಡಿ ಅಲೆಯುವ ಮುನ್ನ ದೇವರ ಮನೆಯತ್ತ ಕಣ್ಣು ಹೋಯಿತು. ಊದುಬತ್ತಿಯ ಕಡ್ಡಿಯೂ ಬಿದಿರೇ, ದಪ್ಪವೂ ಹೆಚ್ಚುಕಡಿಮೆ ಸರಿಹೊಂದುತ್ತದೆ. ಗಿಣ್ಣುಗಳಿಗಾಗಿ ಅಲ್ಲಲ್ಲಿ ಅಂಟಿನ ಸಣ್ಣ ಉಂಗುರಗಳನ್ನು ಕೂರಿಸಿದೆ.

ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬೂದು ಪ್ರೈಮರ್ ಒಣಗಿದ ಮೇಲೆ ಮುಖವನ್ನು ಕೈಗೆತ್ತಿಕೊಂಡೆ. ಈ ಅಳತೆಯಲ್ಲಿ ತಲೆಯೆಂದರೆ ಗಲ್ಲದಿಂದ ನೆತ್ತಿಯವರೆಗೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಕೋಣೆಯ ಬೆಳಕು ಸಾಕಷ್ಟು ನೆರಳನ್ನು ಮೂಡಿಸುವುದಿಲ್ಲವಾದ್ದರಿಂದ ನೆರಳು, ಬೆಳಕು ಎರಡನ್ನೂ ನಾವೇ ಬರೆಯಬೇಕು. ನಾನು ಓದಿದ ಮಾರ್ಗದರ್ಶನಗಳೆಲ್ಲ ಐರೋಪ್ಯ ಮುಖಗಳಿಗಾಗಿ ಬರೆದವು. ಮೂಲವರ್ಣಕ್ಕೆ ಬಿಳಿ ಬೆರೆಸುತ್ತ ಹೋದರೆ ಬೆಳಕು ಬರುತ್ತದೆ ಎನ್ನುತ್ತಿದ್ದವು. ಹಾಗೆಯೇ ಮಾಡಿದೆ, ನಮ್ಮ ಸವಾರ ಮುಖಕ್ಕೆ ಬೂದಿ ಬಳಿದುಕೊಂಡವನಂತಾದ! ಎಲ್ಲವನ್ನೂ ಒರೆಸಿ ಮತ್ತೆ ಹೊರಟೆ. ಬರ್ನ್ಟ್ ಸಿಯೆನ್ನಾ (ಕೆಂಗಂದು) ಮತ್ತು ಯೆಲ್ಲೊ ಓಕರ್‌ಗೆ (ಮಣ್ಣಿನ ಹಳದಿ) ಎಳ್ಳಷ್ಟು ನೀಲಿ ಸೇರಿಸಿ ಅಕ್ರಿಲಿಕ್‌ನಲ್ಲಿ ಮೂಲವರ್ಣ ಹಚ್ಚಿದೆ. ಅದರ ಮೇಲೆ ತೈಲವರ್ಣದಲ್ಲಿ, ಕಣ್ಣಿನ ಗುಳಿ ಹಾಗೂ ಗಲ್ಲದ ಕೆಳಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದಿಗೆ ಕೊಂಚ ಕೆನ್ನೇರಳೆ ಬೆರೆಸಿದ ನೆರಳನ್ನೂ, ಮೂಗಿನ ತುದಿ ಮತ್ತು ಕೆನ್ನೆಯ ಎಲುಬಿನ ಮೇಲೆ ಓಕರ್‌ಗೆ ತುಸು ಕಿತ್ತಳೆ ಸೇರಿಸಿದ ಬೆಳಕನ್ನೂ ಇಟ್ಟು, ಒಣ ಕುಂಚದಿಂದ ಅಂಚುಗಳನ್ನು ಒಂದರೊಳಗೊಂದು ಕರಗಿಸಿದೆ. ಬಿಳಿಯನ್ನು ಡಬ್ಬಿಯಿಂದ ಹೊರತೆಗೆಯಲೇ ಇಲ್ಲ. ಕಪ್ಪು ಚರ್ಮದ ಸೊಬಗಿರುವುದು ಅದು ಬಿಸಿಲನ್ನು ಬೆಚ್ಚಗೆ ಮರಳಿಸುವ ರೀತಿಯಲ್ಲಿ ಎಂಬುದು ಆಗ ನನಗೆ ಹೊಳೆಯಿತು. ತೈಲವರ್ಣವನ್ನು ಕೆಲವು ಗಂಟೆ ರಟ್ಟಿನ ಮೇಲಿಟ್ಟರೆ ಅದರ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ಮುಖ ಎಣ್ಣೆ ಸ್ನಾನ ಮುಗಿಸಿ ಬಂದಂತೆ ಮಿಂಚುತ್ತದೆ. ಕಣ್ಣಿನ ಬಿಳಿಗೆ ಮಾಸಲು ಬೂದು ಸಾಕು, ಪಾಪೆಯನ್ನು ಸ್ವಲ್ಪ ಪಕ್ಕಕ್ಕೆ ಇಟ್ಟರೆ ಬೆಚ್ಚಿಬಿದ್ದವನ ನೋಟ ತಪ್ಪುತ್ತದೆ.

ಖಾಕಿ ಎಂದರೆ ಮೂಲದಲ್ಲಿ ಧೂಳಿನ ಬಣ್ಣವೆಂದೇ ಅರ್ಥ. ಅಂಗಿ, ಪೇಟ, ಕಾಲಿಗೆ ಸುತ್ತಿದ ಪಟ್ಟಿ ಇವೆಲ್ಲಕ್ಕೂ ಒಂದೇ ಬಾಟಲಿಯ ಬಣ್ಣ ಹಚ್ಚಿದರೆ ಸವಾರ ಮಣ್ಣಿನ ಬೊಂಬೆಯಾಗಿಬಿಡುತ್ತಾನೆ. ಪೇಟವನ್ನು ಬಿಸಿಲಿಗೆ ಮಾಸಿದ ತಿಳಿಖಾಕಿಯಾಗಿಯೂ, ಉಣ್ಣೆಯ ಕಾಲುಪಟ್ಟಿಯನ್ನು ಹಸಿರು ಛಾಯೆಯ ಗಾಢ ಖಾಕಿಯಾಗಿಯೂ ಮಾಡಿ, ಅಂಗಿಯನ್ನು ಇವೆರಡರ ನಡುವೆ ಇರಿಸಿದೆ. ನೆರಳಿಗೆ ಕಪ್ಪನ್ನು ಬಳಸದೆ ಕಂದು ಬೆರೆಸಿದೆ. ತೋಟಾಗಳನ್ನಿಡುವ ಎದೆಪಟ್ಟಿಯ ಚರ್ಮವನ್ನು ಕೆಂಗಂದು ಮಾಡಿ, ಅಂಚುಗಳಲ್ಲಿ ಸವೆತದ ಸಣ್ಣ ಗೆರೆಗಳನ್ನೆಳೆದೆ.

ಪೀಠದಲ್ಲಿ ಅಭ್ಯಾಸಬಲ ಕೈಕೊಟ್ಟಿತು. ಕೋಲಾರದ ಕೆಮ್ಮಣ್ಣಿನ ಬಣ್ಣ ಬಳಿದು, ದುಂಡು ಬಂಡೆಗಳನ್ನಿಟ್ಟು ಮುಗಿಸಿದ ಮೇಲೆ, ಕಾರ್ಮೆಲ್ ಸುಣ್ಣಕಲ್ಲಿನ ಬೆಟ್ಟವೆಂಬುದು ನೆನಪಾಯಿತು. ಬಂಡೆಗಳನ್ನು ಕಿತ್ತು, ಒಡೆದ ಪ್ಲಾಸ್ಟರಿನ ಚೂಪು ತುಂಡುಗಳನ್ನು ಜೋಡಿಸಿ, ನೆಲವನ್ನು ಬಿಳಿಚು ಹಳದಿಯಾಗಿಸಿ, ಅದೇ ಬಣ್ಣದ ಪಾಸ್ಟಲ್ ಪುಡಿಯನ್ನು ಬೂಟಿನಿಂದ ಮೊಣಕಾಲಿನವರೆಗೆ ಉದುರಿಸಿದೆ.

ಇಷ್ಟಾದ ಮೇಲೆ ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ, ಬಾಲ್ಕನಿಯಲ್ಲಿ ನಿಂತು ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದ ನನ್ನ ಆತುರಕ್ಕೆ ಏನೆನ್ನಲಿ? ಗಾಳಿಯ ತೇವ ಪದರದೊಳಗೆ ಸಿಕ್ಕಿ, ಹತ್ತೇ ನಿಮಿಷದಲ್ಲಿ ಸವಾರನ ಮೈಯೆಲ್ಲ ಮಂಜು ಮುಸುಕಿದಂತೆ ಬೆಳ್ಳಗಾಯಿತು. ಎರಡು ದಿನ ಅವನನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಬಳಿಕ ಹೊಳಪಿನ ವಾರ್ನಿಶ್ಶನ್ನು ಕುಂಚದಿಂದ ತೆಳ್ಳಗೆ ಹಚ್ಚಿದಾಗ ಮಂಜು ಬಹುಪಾಲು ಕರಗಿತು. ಮ್ಯಾಟ್ ಪದರವನ್ನು ಜನವರಿಯ ಒಣಹವೆಗೆ ಕಾದು ಮತ್ತೆ ಕೊಟ್ಟೆ. ಎಡಗಾಲಿನ ಪಟ್ಟಿಯಲ್ಲಿ ಒಂದಿಷ್ಟು ಬಿಳಿಚು ಇನ್ನೂ ಉಳಿದಿದೆ, ಧೂಳೆಂದು ನೋಡಿದವರು ಮೆಚ್ಚುತ್ತಾರೆ, ನಾನು ಸುಮ್ಮನಿರುತ್ತೇನೆ. ಭರ್ಜಿಯನ್ನು ಮಾತ್ರ ಅಂಟಿಸಿಲ್ಲ. ಮುಷ್ಟಿಯಲ್ಲಿ ಕೊರೆದ ರಂಧ್ರದಲ್ಲಿ ಅದು ಬಿಗಿಯಾಗಿ ಕೂರುತ್ತದೆ. ಕಪಾಟು ಒರೆಸುವ ದಿನ ಎಳೆದು ತೆಗೆದಿಡುತ್ತೇನೆ, ಮುರಿದರೆ ಊದುಬತ್ತಿಯ ಪೊಟ್ಟಣದಲ್ಲಿ ಇನ್ನೊಂದು ಕಡ್ಡಿಯಿದೆ.