ಅರ್ಧ ಹಾಳೆಯಲ್ಲಿ ವರ್ನಿಯರ್ ಪಾಠ

ಮೈಸೂರಿನ ಹೂಟಗಳ್ಳಿಯಲ್ಲಿ ಒಂದು ಸಣ್ಣ ಮಷೀನ್ ಶಾಪ್. ಅಲ್ಲಿ ಕ್ವಾಲಿಟಿ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರುವವರು ಜಾಸ್ತಿ ಐಟಿಐ ಮುಗಿಸಿದವರು. ಅವರಿಗಾಗಿ ಎರಡು ತಿಂಗಳು ರಾತ್ರಿ ಕೂತು 40 ಪುಟ ಬರೆದೆ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಹಂಚಿದೆ. ಯಾರೂ ಓದಲಿಲ್ಲ. ಬೇಜಾರಾಯಿತು, ಆದರೆ ತಪ್ಪು ಅವರದಲ್ಲ. ಎಂಟು ಗಂಟೆ ನಿಂತು ದುಡಿದು, ಬಸ್ ಹಿಡಿದು ನಂಜನಗೂಡಿಗೋ ಎಚ್‌.ಡಿ. ಕೋಟೆಗೋ ಹೋಗುವವರು 40 ಪುಟ ಯಾವಾಗ ಓದಬೇಕು?

ಒಂದು ದಿನ ಒಂದು ಟ್ರೇ ಜಾಬ್ (ನಾವು ಮಾಡಿ ಕಳಿಸಿದ ಬಿಡಿಭಾಗ) ಗಿರಾಕಿಯಿಂದ ವಾಪಸ್ ಬಂತು. ಡ್ರಾಯಿಂಗ್ ಪ್ರಕಾರ ಅಳತೆ 24.25ರಿಂದ 24.35 ಮಿ.ಮೀ. ಒಳಗಿರಬೇಕು. ಚೆಕ್ ಮಾಡಿದ ಹುಡುಗ 24.33 ಅಂತ ಬರೆದಿದ್ದ. ನಾನು ಅಳೆದರೆ 24.36. ಅವನನ್ನು ಕರೆದು ನನ್ನೆದುರೇ ಓದಿಸಿದೆ. ವರ್ನಿಯರ್ ಅಂದರೆ ಎರಡು ದವಡೆಗಳ ನಡುವೆ ಜಾಬ್ ಹಿಡಿದು ಅಳೆಯುವ ಸಾಧನ. ವರ್ನಿಯರ್‌ನ ಜಾರುವ ಪಟ್ಟಿಯಲ್ಲಿ 3 ದಾಟಿ ಮೂರನೇ ಸಣ್ಣ ಗೆರೆ ಮೇಲಿನ ಗೆರೆಗೆ ಸರಿಯಾಗಿ ಕೂಡಿತ್ತು. "ಮೂರು, ಆಮೇಲೆ ಮೂರು ಗೆರೆ. 33 ಅಲ್ವಾ ಸರ್?" ಅಂದ. ಆ ವರ್ನಿಯರ್‌ನಲ್ಲಿ ಒಂದು ಸಣ್ಣ ಗೆರೆಗೆ 0.02 ಮಿ.ಮೀ. ಮೂರು ಗೆರೆಗೆ 0.06. ಮೊದಲಿನ 3 ಅಂದರೆ 0.30, ಎರಡೂ ಸೇರಿ 0.36. ನನ್ನ ಪುಸ್ತಕದಲ್ಲಿ ಇದು ಇತ್ತು, ಎಲ್ಲೋ ನಡುವೆ ಹೂತುಹೋಗಿತ್ತು.

ಅವತ್ತೇ ಅರ್ಧ ಎ4 ಹಾಳೆಯಲ್ಲಿ ಇದೊಂದನ್ನೇ ಬರೆದೆ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಫೋಟೊ, ಕೆಳಗೆ ನಾಲ್ಕು ಸಾಲು. 'ಅಳತೆಯ ಸೂಕ್ಷ್ಮತೆ' ಅಂತ ಬರೆದಿದ್ದನ್ನು ಹೊಡೆದು ಹಾಕಿ 'ಒಂದು ಗೆರೆಗೆ ಎಷ್ಟು' ಅಂತ ಮಾಡಿದೆ. ಹಿಂಬದಿಯಲ್ಲಿ ಬೇರೆ ಫೋಟೊ, ಒಂದೇ ಪ್ರಶ್ನೆ: ಇದು ಎಷ್ಟು? ಉತ್ತರ ಕಾರ್ಡಿನಲ್ಲಿ ಇಲ್ಲ, ಇನ್‌ಸ್ಪೆಕ್ಷನ್ ಟೇಬಲ್‌ನ ಡ್ರಾಯರಿನಲ್ಲಿದೆ. ಓದುವಾಗ ಎಲ್ಲಾ ಗೊತ್ತಾದ ಹಾಗೇ ಅನಿಸುತ್ತದೆ. ಕೇಳಿದಾಗಲೇ ಗೊತ್ತಿಲ್ಲದ್ದು ಬಯಲಾಗುವುದು. ಅದಕ್ಕೇ ಮೂರು ದಿನ ಬಿಟ್ಟು ಮತ್ತೆ ಕೇಳುತ್ತೇನೆ.

ಇದು ನಾನು ಕಂಡುಹಿಡಿದದ್ದೇನಲ್ಲ. 1940ರ ದಶಕದಲ್ಲಿ, ಯುದ್ಧದ ಹೊತ್ತಿನಲ್ಲಿ, ಅಮೆರಿಕದ ಕಾರ್ಖಾನೆಗಳಲ್ಲಿ ಹೊಸಬರನ್ನು ಬೇಗ ತಯಾರು ಮಾಡಲು ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅನ್ನುವ ತರಬೇತಿ ಶುರುವಾಯಿತು. ಒಂದು ಕೆಲಸವನ್ನು ಮುಖ್ಯ ಹಂತಗಳಾಗಿ ಬಿಡಿಸಿ, ಪ್ರತಿ ಹಂತದಲ್ಲೂ ಎಲ್ಲಿ ಹುಷಾರಾಗಿರಬೇಕು ಅಂತ ಪಕ್ಕದಲ್ಲಿ ಬರೆದುಕೊಳ್ಳುವುದು ಅದರ ಪದ್ಧತಿ. ನಾನು 'ಯಾಕೆ' ಅನ್ನುವುದನ್ನೂ ಸೇರಿಸುತ್ತೇನೆ. ಯಾಕೆ ಅಂತ ಗೊತ್ತಿಲ್ಲದಿದ್ದರೆ ಅವಸರದಲ್ಲಿ ಮೊದಲು ಬಿಡುವುದೇ ಆ ಹಂತ.

ಈಗ ಇಪ್ಪತ್ತೆರಡು ಕಾರ್ಡ್ ಆಗಿವೆ. ಲ್ಯಾಮಿನೇಟ್ ಮಾಡಿಸಿ ದಾರ ಕಟ್ಟಿ ಮಷೀನ್ ಪಕ್ಕ ನೇತುಹಾಕಿದ್ದೇವೆ. ಟೀ ಬ್ರೇಕಿನ ಐದು ನಿಮಿಷದಲ್ಲಿ ಒಂದು ಮುಗಿಯುತ್ತದೆ. ಹೊಸ ಕಾರ್ಡ್ ಮಾಡಿದಾಗ ಸೀನಿಯರ್‌ಗಳಿಗೆ ತೋರಿಸುವುದಿಲ್ಲ. ಆ ಕೆಲಸ ಗೊತ್ತಿಲ್ಲದವರ ಕೈಗೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ನಿಲ್ಲುತ್ತೇನೆ. ವರ್ನಿಯರ್ ಕಾರ್ಡನ್ನು ಹಾಗೆ ಕೊಟ್ಟಾಗ ಒಬ್ಬಳು ಅಪ್ರೆಂಟಿಸ್ ಹುಡುಗಿ, "ಸರ್, ನೀವು ಅಳೆಯೋ ಮುಂಚೆ ಬಟ್ಟೇಲಿ ಒರೆಸ್ತೀರಲ್ವಾ, ಅದು ಇದರಲ್ಲಿ ಇಲ್ಲ" ಅಂದಳು. ನಿಜ. ನನ್ನ ಕೈ ಅದನ್ನು ತಾನಾಗೇ ಮಾಡುತ್ತದೆ, ಅದಕ್ಕೇ ಬರೆಯಲು ಹೊಳೆದಿರಲಿಲ್ಲ. ಸಣ್ಣ ಕಬ್ಬಿಣದ ಚೂರು ಸಿಕ್ಕಿಕೊಂಡರೂ ಅಳತೆ ಕೆಟ್ಟಂತೆಯೇ.

ಈಗ ಆ ಕಾರ್ಡಿನ ಮೊದಲ ಸಾಲು ಅವಳದು: 'ಎರಡೂ ದವಡೆ ಒರೆಸಿ, ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡಿದೆಯಾ ನೋಡಿ.'