ಅಡುಗೆ ಟ್ರೈಲರ್‌ಗೆ ಕರೆಂಟ್ ಬ್ರೇಕ್: ಕಂಟ್ರೋಲರ್ ಅರ್ಧ ದಿನ, ಅರ್ತ್ ಎರಡು ವಾರ

ನಮ್ಮದು ಉಡುಪಿ ಸಂತೆಕಟ್ಟೆ ಹತ್ತಿರ. ಚಿಕ್ಕಪ್ಪನದ್ದು ಕ್ಯಾಟರಿಂಗ್, ನಾನು ಅದಕ್ಕೆ ಡ್ರೈವರ್, ಲೆಕ್ಕ ಬರೆಯುವವ, ಗ್ಯಾಸ್ ಲೀಕ್ ಆದ್ರೆ ಪ್ಲಂಬರ್ ಕೂಡ. ಮದುವೆ, ಮುಂಜಿ, ನಾಗಮಂಡಲ ಅಂತ ಹೇಳಿ ಕೊಪ್ಪರಿಗೆ, ಗ್ರೈಂಡರ್, ಬರ್ನರ್, ಸ್ಟೀಮರ್ ಎಲ್ಲ ಒಂದು ಎರಡು ಚಕ್ರದ ಟ್ರೈಲರ್‌ಗೆ ತುಂಬಿಸಿ ನಮ್ಮ ಡೀಸೆಲ್ ಎಸ್‌ಯುವಿ ಹಿಂದೆ ಕಟ್ಟಿಕೊಂಡು ಹೋಗ್ತೇವೆ. ಟ್ರೈಲರ್‌ಗೆ ಬೇರೆ ಆರ್‌ಸಿ ಉಂಟು, ಅದು ಸರಿ, ಆದ್ರೆ ಬ್ರೇಕ್ ಅನ್ನೋದು ಇರ್ಲಿಲ್ಲ. ವೇಬ್ರಿಡ್ಜ್‌ಗೆ ಹಾಕಿ ನೋಡಿದ್ರೆ ಲೋಡ್ ಸೇರಿ 1,100 ಕೆಜಿ.

ಹೋದ ವರ್ಷ ತೀರ್ಥಹಳ್ಳಿಯಲ್ಲಿ ಒಂದು ಮದುವೆ ಮುಗಿಸಿ ರಾತ್ರಿ ಆಗುಂಬೆ ಘಾಟಿ ಇಳಿತಾ ಇದ್ದೆವು. 14 ಹೇರ್‌ಪಿನ್, ಗೊತ್ತುಂಟಲ್ಲ. ಫಸ್ಟ್, ಸೆಕೆಂಡ್ ಗೇರಲ್ಲೇ ಇಳಿಸ್ತಿದ್ದೆ, ಆದ್ರೂ ಪ್ರತಿ ತಿರುವಲ್ಲಿ ಬ್ರೇಕ್ ಒತ್ತಿದಾಗ ಹಿಂದಿನಿಂದ ಯಾರೋ ದೂಡಿದ ಹಾಗೆ ಟ್ರೈಲರ್ ಬಂದು ಗಾಡಿಯ ಬೆನ್ನಿಗೆ ಒತ್ತುತ್ತದೆ, ಐದಾರು ತಿರುವು ಆದ ಮೇಲೆ ಪೆಡಲ್ ಮೆತ್ತಗಾಯ್ತು. ಸೋಮೇಶ್ವರಕ್ಕೆ ಬಂದು ನಿಲ್ಲಿಸಿದ್ರೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಚಿಕ್ಕಪ್ಪ ಇಳಿದು ಹೋಗಿ ಡಿಸ್ಕ್ ಹತ್ತಿರ ಕೈ ತಗೊಂಡು ಹೋದವರು ಹಾಗೇ ಹಿಂದೆ ಎಳ್ಕೊಂಡ್ರು, ಒಂದು ಮಾತೂ ಆಡ್ಲಿಲ್ಲ. ಅವರು ಮಾತಾಡದಿದ್ರೆ ಜಾಸ್ತಿ ಹೆದರಿಕೆ.

ಮೊದಲು ಓವರ್‌ರನ್ ಬ್ರೇಕ್ ಹಾಕುವ ಅಂತ ಇತ್ತು, ಅಂದ್ರೆ ಟ್ರೈಲರ್ ದೂಡಿದಾಗ ಕೊಂಡಿ ಒಳಗೆ ಹೋಗಿ ತಾನೇ ಬ್ರೇಕ್ ಹಿಡಿಯೋದು. ಕರೆಂಟ್ ಬೇಡ, ಸಿಂಪಲ್. ಆದ್ರೆ ನಾವು ಹೋಗುವ ಹಾಲ್‌ಗಳ ಹಿಂದೆ ಏರು ದಾರಿಯಲ್ಲಿ ರಿವರ್ಸ್ ಹಾಕ್ಲಿಕ್ಕೇ ಬೇಕು, ಮಾಮೂಲಿ ಓವರ್‌ರನ್‌ನಲ್ಲಿ ರಿವರ್ಸ್ ಲಾಕ್ ಹಾಕದೆ ಹಿಂದೆ ತೆಗೆದ್ರೆ ಬ್ರೇಕ್ ಹಿಡ್ಕೊಳ್ತದೆ. ಕರೆಂಟ್ ಬ್ರೇಕಲ್ಲಿ ಆ ತಾಪತ್ರಯ ಇಲ್ಲ, ಮೇಲೆ ಟ್ರೈಲರ್ ಆಚೀಚೆ ಓಲಾಡ್ಲಿಕ್ಕೆ ಶುರು ಮಾಡಿದ್ರೆ ಕೈಯಿಂದ ಟ್ರೈಲರ್ ಬ್ರೇಕ್ ಮಾತ್ರ ಹಿಡಿದು ಸರಿ ಮಾಡ್ಲಿಕ್ಕೆ ಆಗ್ತದೆ. ನನಗೆ ಅದೇ ಮುಖ್ಯ ಆಯ್ತು. ದಮ್ಮಾಮ್‌ನಲ್ಲಿರುವ ಭಾವ ರಜೆಗೆ ಬರುವಾಗ ಕಂಟ್ರೋಲರ್ ತಂದ್ರು, 10 ಇಂಚಿನ ಬ್ರೇಕ್ ಡ್ರಮ್ ಸೆಟ್ ಕಾರ್ಗೋದಲ್ಲಿ ಬಂತು. ಆಕ್ಸಲ್‌ಗೆ ನಾಲ್ಕು ಬೋಲ್ಟಿನ ಫ್ಲಾಂಜ್ ಬೈಕಂಪಾಡಿಯ ಒಂದು ಲೇತ್ ಶಾಪಲ್ಲಿ ಮಾಡಿಸಿದ್ದು, ಅದು ಬೇರೆಯೇ ಪುರಾಣ, ಬಿಡಿ.

ಇದು ಕೆಲಸ ಮಾಡೋದು ಹೀಗೆ. ಡ್ರಮ್ ಒಳಗೆ ಒಂದು ಮ್ಯಾಗ್ನೆಟ್, ಕರೆಂಟ್ ಕೊಟ್ರೆ ಅದು ತಿರುಗುವ ಡ್ರಮ್ಮಿನ ಮುಖಕ್ಕೆ ಅಂಟಿಕೊಂಡು ಅದರ ಜೊತೆ ಸ್ವಲ್ಪ ಎಳೆದುಕೊಂಡು ಹೋಗ್ತದೆ, ಆ ಎಳೆತಕ್ಕೆ ಲಿವರ್ ಬ್ರೇಕ್ ಶೂ ಅನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. 12 ವೋಲ್ಟಿಗೆ ಒಂದು ಮ್ಯಾಗ್ನೆಟ್ ಸುಮಾರು 3 ಆಂಪ್ ತಗೊಳ್ತದೆ, ಎರಡಕ್ಕೆ 6. ಎಷ್ಟು ಕರೆಂಟ್ ಕೊಡ್ಬೇಕು ಅಂತ ತೀರ್ಮಾನ ಮಾಡೋದು ಗಾಡಿ ಒಳಗಿನ ಕಂಟ್ರೋಲರ್. ಕಡಿಮೆ ಬೆಲೆಯದ್ದು ಪೆಡಲ್ ಒತ್ತಿದ ಮೇಲೆ ಟೈಮರ್ ಹಾಗೆ ಮೆಲ್ಲ ಏರಿಸ್ತಾ ಹೋಗ್ತದೆ, ಒಳ್ಳೆಯದ್ದು ಗಾಡಿ ಎಷ್ಟು ಜೋರಾಗಿ ಸ್ಲೋ ಆಗ್ತಾ ಉಂಟು ಅಂತ ಒಳಗಿನ ಸೆನ್ಸರಿಂದ ತಿಳ್ಕೊಂಡು ಅಷ್ಟೇ ಕೊಡ್ತದೆ. ಘಾಟಿಗೆ ಎರಡನೇದ್ದೇ ಬೇಕು ಮಾರಾಯ್ರೆ, ದುಡ್ಡು ಉಳಿಸ್ಲಿಕ್ಕೆ ಹೋಗ್ಬೇಡಿ.

ಕಂಟ್ರೋಲರ್‌ಗೆ ನಾಲ್ಕೇ ವಯರ್. ಕಪ್ಪು ಬ್ಯಾಟರಿ ಪ್ಲಸ್, ಬಿಳಿ ಅರ್ತ್ (ಅಂದ್ರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಕೆಂಪು ಬ್ರೇಕ್ ಲೈಟ್ ಸ್ವಿಚ್ಚಿಗೆ, ನೀಲಿ ಟ್ರೈಲರ್‌ಗೆ. ನಮ್ಮ ಕಡೆ ವಯರಿಂಗಲ್ಲಿ ಕಪ್ಪು ಅಂದ್ರೆ ಅರ್ತ್ ಅಂತ ಕೈಗೆ ಅಭ್ಯಾಸ, ಇಲ್ಲಿ ಕಪ್ಪೇ ಪ್ಲಸ್. ಉಲ್ಟಾ ಕೊಟ್ರೆ ಕಂಟ್ರೋಲರ್ ಹೋಯ್ತು ಅಂತಲೇ ಲೆಕ್ಕ. ಹಾಗಾಗಿ ಮೊದಲು ಬ್ಯಾಟರಿ ಮೈನಸ್ ತೆಗ್ದೆ. ಬ್ಯಾಟರಿ ಹತ್ತಿರವೇ 20 ಆಂಪಿನ ಸರ್ಕ್ಯೂಟ್ ಬ್ರೇಕರ್ ಹಾಕಿ, ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಮೊದಲೇ ಇದ್ದ ರಬ್ಬರ್ ಗ್ರಾಮೆಟ್ ತೂತು ಮಾಡಿ ವಯರ್ ಒಳಗೆ ತಗೊಂಡೆ. ಬಿಳಿಯದ್ದು ನೇರ ಬ್ಯಾಟರಿ ಮೈನಸ್‌ಗೆ ಕೊಟ್ಟದ್ದು. ಮೈನಸ್ ಟರ್ಮಿನಲ್ಲಲ್ಲಿ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಹಾಗೆ ಮಾಡ್ಬೇಡಿ, ಅದರ ಆಚೆ ಚಾಸಿಸ್ ಪಾಯಿಂಟಿಗೆ ಕೊಡಿ, ಇಲ್ಲದಿದ್ರೆ ಸೆನ್ಸರಿನ ಲೆಕ್ಕ ತಪ್ತದೆ.

ವಯರ್ ದಪ್ಪದ ಬಗ್ಗೆ ನನಗೂ ನಮ್ಮ ಎಲೆಕ್ಟ್ರಿಷಿಯನ್ ಅಣ್ಣನಿಗೂ ಚರ್ಚೆ ಆಯ್ತು. "6 ಆಂಪಿಗೆ ಒಂದೂವರೆ ಸ್ಕ್ವೇರ್ ಎಂಎಂ ಧಾರಾಳ ಸಾಕು ಮಾರಾಯ್ರೆ, ಮನೆಯಲ್ಲಿ ಪಂಪ್ ಓಡ್ತದೆ ಅದರಲ್ಲಿ" ಅಂತ ಅವರು. ವಯರ್ ಬಿಸಿ ಆಗ್ಲಿಕ್ಕಿಲ್ಲ, ಅದು ನಿಜ. ಆದ್ರೆ ಮನೆಯದ್ದು 230 ವೋಲ್ಟ್, ಇದು 12. ಹೋಗಿ ಬರ್ಲಿಕ್ಕೆ ಸೇರಿ 12 ಮೀಟರ್ ವಯರ್ ಅಂತ ಇಟ್ರೆ ಒಂದೂವರೆಯಲ್ಲಿ 0.8 ವೋಲ್ಟ್ ದಾರಿಯಲ್ಲೇ ಹೋಗ್ತದೆ, 4 ಸ್ಕ್ವೇರಲ್ಲಿ 0.3. ಕಾಗದದಲ್ಲಿ ಬರೆದು ತೋರಿಸಿದ ಮೇಲೆ "ನಿಮ್ಮ ದುಡ್ಡು, ನಿಮ್ಮ ಇಷ್ಟ" ಅಂದ್ರು. 4 ಹಾಕಿದೆ.

ಕೆಂಪು ವಯರಲ್ಲಿ ನಾನು ಬಿದ್ದೆ. ಪೆಡಲ್ ಮೇಲಿನ ಸ್ವಿಚ್ಚಿಗೆ ನಾಲ್ಕು ವಯರ್ ಬರ್ತದೆ, ಒತ್ತಿದಾಗ ಮಾತ್ರ 12 ವೋಲ್ಟ್ ಬರುವುದು ಯಾವುದು ಅಂತ ಮಲ್ಟಿಮೀಟರಲ್ಲಿ ಹುಡುಕ್ಬೇಕು. ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಚಿಕ್ಕಮ್ಮನ ಮಗನಿಗೆ "ಒತ್ತು, ಬಿಡು, ಒತ್ತು" ಅಂತ ಹೇಳ್ತಾ ಇದ್ದೆ, ಅವ ಮೊಬೈಲ್ ನೋಡ್ತಾ ಬಿಡು ಅಂದಾಗ ಒತ್ತಿದ್ದ. ಹಾಗಾಗಿ ಇಗ್ನಿಷನ್ ಲೈವ್ ಇರುವ ವಯರಿಗೇ ಟ್ಯಾಪ್ ಮಾಡಿಬಿಟ್ಟೆ. ಕೀ ತಿರುಗಿಸಿದ ಕೂಡ್ಲೆ ಪೆಡಲ್ ಮುಟ್ಟದೆಯೇ ಟ್ರೈಲರ್ ಬ್ರೇಕಿಗೆ ಕರೆಂಟ್ ಹೋಗ್ತಾ ಉಂಟು ಅಂತ ಕಂಟ್ರೋಲರ್‌ನಲ್ಲಿ ನಂಬರ್ ಬಂತು, ಪುಣ್ಯಕ್ಕೆ ಅಂಗಳದಲ್ಲೇ ಗೊತ್ತಾಯ್ತು. ಒಂದು ಮಾತು ನೆನಪಿಡಿ, ಆ ಜಾಗದಲ್ಲಿ ಹಳದಿ ಕೊಳವೆಯಲ್ಲಿ ಹೋಗುವ ವಯರ್ ಏರ್‌ಬ್ಯಾಗಿಂದು, ಅದರ ಹತ್ತಿರ ಟೆಸ್ಟ್ ಲ್ಯಾಂಪ್ ಹಿಡ್ಕೊಂಡು ಹೋಗ್ಲೇಬೇಡಿ.

ಮಧ್ಯಾಹ್ನ ಊಟಕ್ಕೆ ಮುಂಚೆ ಎಲ್ಲ ಮುಗಿದಿತ್ತು. ಮರುದಿನ ಬೆಳಿಗ್ಗೆ ಐದೂವರೆಗೆ ಹೈವೇ ಬದಿಯ ಸರ್ವಿಸ್ ರೋಡಲ್ಲಿ ಲೋಡ್ ಹಾಕಿಕೊಂಡೇ ಗೇನ್, ಅಂದ್ರೆ ಟ್ರೈಲರ್ ಬ್ರೇಕಿಗೆ ಹೆಚ್ಚೆಂದ್ರೆ ಎಷ್ಟು ಕರೆಂಟ್ ಹೋಗ್ಬೇಕು ಅನ್ನುವ ಮಟ್ಟ, ಸೆಟ್ ಮಾಡ್ಲಿಕ್ಕೆ ಹೋದೆ. ಸಮ ರಸ್ತೆ, ಒಣಗಿರ್ಬೇಕು, 40ರಲ್ಲಿ ಹೋಗ್ತಾ ಪೆಡಲ್ ಮುಟ್ಟದೆ ಕಂಟ್ರೋಲರ್‌ನ ಕೈ ಲಿವರ್ ಪೂರ್ತಿ ಒತ್ತಬೇಕು, ಟ್ರೈಲರ್ ಚಕ್ರ ಲಾಕ್ ಆಗಿ ಟಯರ್ ಉಜ್ಜುವ ಒಂದು ಮೆಟ್ಟಿಲು ಕೆಳಗೆ ಗೇನ್ ನಿಲ್ಲಿಸ್ಬೇಕು. ನಾನು ಏರಿಸಿದೆ, ಏರಿಸಿದೆ, ಲಾಕೇ ಇಲ್ಲ. ಕಡೆಗೆ ಎಡ ಚಕ್ರ ಮಾತ್ರ ಕೀಂ ಅಂತು, ಟ್ರೈಲರ್ ಎಡಕ್ಕೆ ಎಳೀತು. ಬಲದ್ದು ಸುಮ್ಮನೆ ತಿರುಗ್ತಾ ಇತ್ತು.

ಶೂ ಅಡ್ಜಸ್ಟ್ ಸರಿ ಇಲ್ಲ ಅಂತ ಎಲ್ಲರೂ ಹೇಳಿದ್ರು. ಜಾಕ್ ಕೊಟ್ಟು ಸ್ಟಾರ್ ವೀಲ್ ತಿರುಗಿಸಿ ನೋಡಿದ್ದಾಯ್ತು, ಇಲ್ಲ. ಮ್ಯಾಗ್ನೆಟ್ ಸತ್ತಿದೆ ಅಂದ್ರು, ಅಳೆದ್ರೆ ಎರಡೂ 3 ಓಮ್ ಮೇಲೆ ಸರಿಯಾಗೇ ಉಂಟು. ನೀಲಿ ಕಡೆ ವೋಲ್ಟೇಜ್ ಚಕ್ರದವರೆಗೂ ಬರ್ತಾ ಉಂಟು. ಹೀಗೇ ಎರಡು ವಾರ ಹೋಯ್ತು, ನಡುವೆ ಎರಡು ಮದುವೆ, ಅದಕ್ಕೆ ಬಾಡಿಗೆ ಟೆಂಪೋ. ಆಮೇಲೆ ಒಂದು ದಿನ ರಾತ್ರಿ ತಲೆಗೆ ಹೋಯ್ತು, ನಾನು ಅಳೀತಾ ಇರೋದು ಬರುವ ದಾರಿ ಮಾತ್ರ, ವಾಪಸ್ ಹೋಗುವ ದಾರಿ ನೋಡಿದ್ದೇ ಇಲ್ಲ ಅಂತ. ಬೆಳಿಗ್ಗೆ ಎದ್ದು ತಮ್ಮನ ಹತ್ರ ಲಿವರ್ ಪೂರ್ತಿ ಒತ್ತಿ ಹಿಡಿಲಿಕ್ಕೆ ಹೇಳಿ, ಮಲ್ಟಿಮೀಟರಿನ ಒಂದು ಮೊನೆ ಬಲ ಮ್ಯಾಗ್ನೆಟ್ಟಿನ ಅರ್ತ್ ವಯರಿಗೆ, ಇನ್ನೊಂದಕ್ಕೆ ಉದ್ದ ವಯರ್ ಕಟ್ಟಿ ಗಾಡಿಯ ಬ್ಯಾಟರಿ ಮೈನಸ್‌ಗೆ ಇಟ್ಟೆ. ಸೊನ್ನೆ ಹತ್ತಿರ ಇರ್ಬೇಕಾದ್ದು 3.4 ವೋಲ್ಟ್! ಎಡದಲ್ಲಿ 0.2.

ಬಿಚ್ಚಿ ನೋಡಿದ್ರೆ ಫ್ಯಾಬ್ರಿಕೇಷನ್ ಮಾಡಿದವ ಬಲದ ಅರ್ತ್ ಅನ್ನು ಪೈಂಟ್ ಹೊಡೆದ ಚಾಸಿಸ್ ಮೇಲೇ ಒಂದು ಸ್ಕ್ರೂ ಹಾಕಿ ಬಿಗಿದಿದ್ದ. ಪೈಂಟ್ ಮೇಲೆ ಸ್ಕ್ರೂ, ಸ್ಕ್ರೂ ಸುತ್ತ ತುಕ್ಕು, ಮಲ್ಪೆಯ ಉಪ್ಪು ಗಾಳಿ ಬೇರೆ, ಲಗ್ಗಿನ (ವಯರ್ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆ) ಒಳಗೆ ತಾಮ್ರದ ಎಳೆ ಹಸಿರು ಕಿಲುಬು ಹಿಡಿದು ಮುಟ್ಟಿದ್ರೆ ಪುಡಿ ಪುಡಿ. ಎಲ್ಲ ಕಿತ್ತು ಬಿಸಾಡಿ ಎರಡೂ ಮ್ಯಾಗ್ನೆಟ್ಟಿನ ಅರ್ತಿಗೆ ಬೇರೆಯೇ 4 ಸ್ಕ್ವೇರ್ ವಯರ್ ಎಳೆದು ನೇರ ಗಾಡಿಗೂ ಟ್ರೈಲರ್‌ಗೂ ನಡುವಿನ ಏಳು ಪಿನ್ ಪ್ಲಗ್ಗಿನ ಬಿಳಿ ವಯರಿಗೆ ಕೊಟ್ಟೆ. ಲಗ್ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದ್ದು. ಚಾಸಿಸ್ ಅರ್ತ್, ಕೊಂಡಿಯ ಗುಂಡಿನ ಮೂಲಕ ಅರ್ತ್, ಇದೆಲ್ಲ ಘಟ್ಟದ ಮೇಲೆ ನಡೀಬಹುದು, ಕರಾವಳಿಯಲ್ಲಿ ಒಂದು ಮಳೆಗಾಲ ತಡಿಯುದಿಲ್ಲ. ಎಲೆಕ್ಟ್ರಿಷಿಯನ್ ಅಣ್ಣನಿಗೆ ಫೋಟೋ ಕಳಿಸಿದೆ, "ಅದು ನಾನು ಮೊದಲೇ ಹೇಳಿದ್ದೆ" ಅಂತ ಬಂತು ಉತ್ತರ. ಹೇಳಿರ್ಲಿಲ್ಲ.

ಮತ್ತೆ ಗೇನ್ ಸೆಟ್ ಮಾಡುವಾಗ ಮೊದಲಿನ ಅರ್ಧಕ್ಕೇ ಎರಡೂ ಚಕ್ರ ಹಿಡೀತು. ಲೋಡ್ ಇಳಿಸಿ ಖಾಲಿ ಬರುವಾಗ ಗೇನ್ ಇಳಿಸ್ಲೇಬೇಕು, ಇಲ್ಲದಿದ್ರೆ ಖಾಲಿ ಟ್ರೈಲರ್ ಲಾಕ್ ಆಗಿ ಬಾಲ ಆಡಿಸ್ತದೆ, ಮಳೆಯಲ್ಲಿ ಇನ್ನೂ ಕಡಿಮೆ. ನಾನು ಡ್ಯಾಶ್‌ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದೇನೆ: ಲೋಡ್, ಖಾಲಿ, ಮಳೆ, ಮೂರು ನಂಬರ್. ಬೂಸ್ಟ್ ಅಂತ ಒಂದು ಬಟನ್ ಉಂಟು, ಶುರುವಲ್ಲೇ ಜಾಸ್ತಿ ಹಿಡಿಯುವುದು, ನಮ್ಮ ತೂಕಕ್ಕೆ ಬೇಡ.

ಕೊಂಡಿ ಕಳಚಿ ಟ್ರೈಲರ್ ಬೇರೆ ಆದ್ರೆ ಪಿನ್ ಕಿತ್ತು ಬಂದು ಟ್ರೈಲರಿನದ್ದೇ ಸಣ್ಣ ಬ್ಯಾಟರಿಯಿಂದ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್ ಕೂಡ ಹಾಕಿದ್ದೇನೆ. ಅದನ್ನು ಟೆಸ್ಟ್ ಮಾಡುವಾಗ ಗಾಡಿಯ ಪ್ಲಗ್ ತೆಗೆದು ಮಾಡಿ, ಆ ಕರೆಂಟ್ ಹಿಂದಕ್ಕೆ ಬಂದ್ರೆ ಕಂಟ್ರೋಲರ್ ಸುಡಬಹುದು.

ಈ ಜನವರಿಯಲ್ಲಿ ಪುನಃ ತೀರ್ಥಹಳ್ಳಿ, ಪುನಃ ರಾತ್ರಿ, ಪುನಃ ಆಗುಂಬೆ. ಸೋಮೇಶ್ವರದಲ್ಲಿ ನಿಲ್ಲಿಸಿದೆ. ಚಿಕ್ಕಪ್ಪ ಈ ಸಲ ಮುಂದಿನ ಚಕ್ರಕ್ಕೆ ಹೋಗದೆ ನೇರ ಟ್ರೈಲರ್ ಡ್ರಮ್ ಹತ್ತಿರ ಕೈ ಹಿಡಿದು ನೋಡಿದ್ರು, ಎರಡೂ ಕಡೆ ಒಂದೇ ಬಿಸಿ. "ಹಿಂದಿನದ್ದೂ ಕೆಲಸ ಮಾಡ್ತಾ ಉಂಟು ಹಾಗಾದ್ರೆ" ಅಂದು ಚಾ ಕುಡಿಲಿಕ್ಕೆ ಹೋದ್ರು.