ವಿಕೆಟ್ ಎಷ್ಟು ಅನ್ನುವ ಮೊದಲು, ಕೆಲಸ ಏನಿತ್ತು?

ಬಸವನಗುಡಿ ಕಡೆಯ ಒಂದು ಕ್ಲಬ್ಬಿನಲ್ಲಿ ಹುಡುಗರಿಗೆ ವೇಗದ ಬೌಲಿಂಗ್ ಹೇಳಿಕೊಡುತ್ತೇನೆ. ಟೆಸ್ಟ್ ಪಂದ್ಯ ನಡೆಯುವಾಗ ಕೈಯಲ್ಲಿ ನೋಟ್‌ಬುಕ್ ಇದ್ದೇ ಇರುತ್ತದೆ. ಅದರಲ್ಲಿ ದಿನದ ಲೆಕ್ಕ ಬರೆಯುವುದಿಲ್ಲ, ಸ್ಪೆಲ್ ಬರೆಯುತ್ತೇನೆ, ಅಂದರೆ ಒಬ್ಬ ಬೌಲರ್ ಒಂದು ಸಲಕ್ಕೆ ಸತತವಾಗಿ ಹಾಕುವ ಓವರ್‌ಗಳು. ಒಂದೊಂದು ಸ್ಪೆಲ್‌ಗೂ ಒಂದು ಸಾಲು. ಚೆಂಡು ಎಷ್ಟು ಓವರ್ ಹಳೆಯದು, ಬೌಲ್ ಮಾಡಿದ್ದು ಯಾವ ತುದಿಯಿಂದ (ನಮ್ಮ ಚಿನ್ನಸ್ವಾಮಿಯಲ್ಲಾದರೆ ಪೆವಿಲಿಯನ್ ಎಂಡೋ ಬಿಇಎಂಎಲ್ ಎಂಡೋ), ಎದುರಿಗೆ ಯಾರಿದ್ದರು, ಫೀಲ್ಡ್ ಹೇಗಿತ್ತು, ಇಷ್ಟು.

ಇದರಲ್ಲಿ ನನಗೆ ಫೀಲ್ಡೇ ಮುಖ್ಯ. ಕೀಪರ್ ಪಕ್ಕದಲ್ಲಿ ಕ್ಯಾಚ್‌ಗೆ ಮೂರು ಸ್ಲಿಪ್ ನಿಂತಿದ್ದರೆ ಕ್ಯಾಪ್ಟನ್ ವಿಕೆಟ್ ಕೇಳಿದ್ದಾನೆ. ಎರಡೂ ಬದಿಯ ಬೌಂಡರಿ ಕಾಯಲು ಡೀಪ್ ಪಾಯಿಂಟ್, ಡೀಪ್ ಸ್ಕ್ವೇರ್ ಲೆಗ್ ಎರಡೂ ಇದ್ದರೆ ರನ್ ಬಿಗಿಹಿಡಿ ಅಂದಿದ್ದಾನೆ. ಕೊಟ್ಟ ಕೆಲಸ ಏನು ಅಂತ ನೋಡದೆ ಬೌಲರ್‌ಗೆ ಮಾರ್ಕ್ಸ್ ಹಾಕುವುದು ಅನ್ಯಾಯ ಅಲ್ವಾ?

2024ರ ಅಕ್ಟೋಬರ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ ನಡೆದ ನ್ಯೂಜಿಲೆಂಡ್ ಟೆಸ್ಟನ್ನು ಹುಡುಗರಿಗೆ ಮತ್ತೆ ಮತ್ತೆ ತೋರಿಸುತ್ತೇನೆ. ಮೊದಲ ದಿನ ಪೂರ್ತಿ ಮಳೆ. ಮರುದಿನ ಮೋಡದ ಕೆಳಗೆ ಭಾರತ 46ಕ್ಕೆ ಆಲೌಟ್. ಮ್ಯಾಟ್ ಹೆನ್ರಿ 15 ರನ್ ಕೊಟ್ಟು 5, ವಿಲಿಯಂ ಒರೂರ್ಕ್ 22 ಕೊಟ್ಟು 4, ಟಿಮ್ ಸೌಥಿ ಒಂದೇ ವಿಕೆಟ್. ಸ್ಕೋರ್‌ಕಾರ್ಡ್ ಮಾತ್ರ ನೋಡಿದವರು ಸೌಥಿಯನ್ನು ಸುಮ್ನೆ ಮೂರನೆಯವನು ಅಂತ ಬದಿಗಿಡುತ್ತಾರೆ. ಆದರೆ ಹೊಸ ಚೆಂಡಿನಲ್ಲಿ ರೋಹಿತ್ ಶರ್ಮಾರನ್ನು ಬೌಲ್ಡ್ ಮಾಡಿ ಬಾಗಿಲು ತೆರೆದದ್ದು ಅವರೇ.

ಎರಡನೇ ಇನಿಂಗ್ಸ್ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಅದೇ ಪಿಚ್, ಅದೇ ಮೂವರು. ಚೆಂಡು ಹಳೆಯದಾದ ಮೇಲೆ ಸರ್ಫರಾಜ್ ಖಾನ್ ಮತ್ತು ರಿಷಭ್ ಪಂತ್ ಈ ಬೌಲರ್‌ಗಳನ್ನು ಚೆನ್ನಾಗಿ ದಂಡಿಸಿದರು. ಸ್ಕೋರ್ 3 ವಿಕೆಟ್‌ಗೆ 408. 80 ಓವರ್ ಮುಗಿದು ಎರಡನೇ ಹೊಸ ಚೆಂಡು ಬಂತು. 150 ಹೊಡೆದಿದ್ದ ಸರ್ಫರಾಜ್ ಸೌಥಿಗೆ ಔಟ್, 99ರಲ್ಲಿದ್ದ ಪಂತ್ ಒರೂರ್ಕ್‌ಗೆ ಬೌಲ್ಡ್, ಬಾಲಂಗೋಚಿಗಳನ್ನು ಹೆನ್ರಿ ಮುಗಿಸಿದರು. 462ಕ್ಕೆ ಎಲ್ಲ ಮುಗಿಯಿತು. ಮೂವರ ಫಾರ್ಮ್ ಒಂದೇ ಮಧ್ಯಾಹ್ನದಲ್ಲಿ ಹೋಗಿ ಬರಲಿಲ್ಲ. ಬದಲಾದದ್ದು ಕೈಯಲ್ಲಿದ್ದ ಚೆಂಡು. ಅದಕ್ಕೇ ಚೆಂಡಿನ ವಯಸ್ಸು ನನ್ನ ಪುಸ್ತಕದಲ್ಲಿ ಮೊದಲು ಬರುತ್ತದೆ.

ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ವಿಷಯದಲ್ಲೂ ಹೀಗೇ ನೋಡಬೇಕು. 2025ರ ಇಂಗ್ಲೆಂಡ್ ಸರಣಿಯಲ್ಲಿ, ಎಜ್‌ಬಾಸ್ಟನ್‌ನಲ್ಲಿ, ಇಂಗ್ಲೆಂಡಿನ ಜೇಮೀ ಸ್ಮಿತ್ ಪ್ರಸಿದ್ಧ್ ಹಾಕಿದ ಒಂದೇ ಓವರ್‌ನಲ್ಲಿ 23 ರನ್ ಹೊಡೆದಾಗ ಬೈದವರು ಬಹಳ. ಆಗ ಪ್ರಸಿದ್ಧ್ ಶಾರ್ಟ್ ಬಾಲ್ ಹಾಕುತ್ತಿದ್ದರು, ಫೀಲ್ಡ್ ಕೂಡ ಅದಕ್ಕೇ ನಿಂತಿತ್ತು. ನಾನು ಬರೆದುಕೊಂಡದ್ದು: ಪ್ಲ್ಯಾನ್ ಸೋತಿತು, ವೇಗ ಇದೆ, ಪುಟಿತ ಇದೆ. ಅದೇ ಸರಣಿಯ ಓವಲ್ ಟೆಸ್ಟ್‌ನಲ್ಲಿ ಅವರೇ ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದರು. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಹಾಗಾದರೆ ಫಾರ್ಮ್ ನೋಡುವುದು ಹೇಗೆ? ವಿಕೆಟ್ ಬೀಳದ ಸ್ಪೆಲ್‌ನಲ್ಲೇ ಅದು ಜಾಸ್ತಿ ಕಾಣುತ್ತದೆ. ಕೀಪರ್ ಚೆಂಡನ್ನು ಎದೆಮಟ್ಟದಲ್ಲಿ ಹಿಡಿಯುತ್ತಿದ್ದಾರಾ, ಬಗ್ಗಿ ಮೊಣಕಾಲ ಹತ್ತಿರ ಹಿಡಿಯುತ್ತಿದ್ದಾರಾ? ಸೀಮ್, ಅಂದರೆ ಚೆಂಡಿನ ಹೊಲಿಗೆ, ನೆಟ್ಟಗೆ ಹೋಗುತ್ತಿದೆಯಾ, ಅಲುಗಾಡುತ್ತಿದೆಯಾ? ಬ್ಯಾಟ್ಸ್‌ಮನ್ ಬೀಟ್ ಆದದ್ದು, ಎಡ್ಜ್ ಆಗಿ ಸ್ಲಿಪ್ ಮುಂದೆ ಬಿದ್ದದ್ದು ಎಲ್ಲಕ್ಕೂ ಒಂದು ಚುಕ್ಕೆ ಹಾಕುತ್ತೇನೆ. ಚುಕ್ಕೆ ತುಂಬಿದ್ದು ವಿಕೆಟ್ ಇಲ್ಲದಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ವಿಕೆಟ್ ಇದ್ದು ಚುಕ್ಕೆ ಇಲ್ಲದಿದ್ದರೆ ಯೋಚನೆ ಶುರುವಾಗುತ್ತದೆ. ಲೆಗ್ ಸೈಡ್‌ನಲ್ಲಿ ಕ್ಯಾಚ್ ಕೊಟ್ಟ ಎರಡು ವಿಕೆಟ್ ಯಾರಿಗೂ ಸಿಗಬಹುದು.

ಕೊನೆಯ ಪರೀಕ್ಷೆ ಸಂಜೆಯ ಸ್ಪೆಲ್. ಬೆಳಗ್ಗೆ ಎಲ್ಲರೂ ಜೋರಾಗಿಯೇ ಓಡಿ ಬರುತ್ತಾರೆ. ಸುಸ್ತಾದ ಮೇಲೆ ಮುಂಗಾಲು ಕುಸಿಯುತ್ತದಾ, ಲೆಂಗ್ತ್ ಗಿಡ್ಡ ಆಗಿ ಚೆಂಡು ಬ್ಯಾಟ್ಸ್‌ಮನ್‌ನಿಂದ ದೂರದಲ್ಲೇ ಬೀಳುತ್ತದಾ ಅಂತ ನೋಡುತ್ತೇನೆ. ನಮ್ಮ ಹುಡುಗರಲ್ಲಿ ಪಂದ್ಯಕ್ಕೆ ಆರಿಸುವಾಗಲೂ ಇದೇ ನನ್ನ ಅಳತೆ.

ಈ ಅಳತೆಯಲ್ಲಿ ಮೊಹಮ್ಮದ್ ಸಿರಾಜ್ ನನಗೆ ಬಹಳ ಮೇಲೆ. ಆ ಇಂಗ್ಲೆಂಡ್ ಸರಣಿಯ ಐದೂ ಟೆಸ್ಟ್ ಆಡಿ 185.3 ಓವರ್ ಹಾಕಿದರು, 23 ವಿಕೆಟ್ ತೆಗೆದರು. ಓವಲ್‌ನ ಕೊನೆಯ ಬೆಳಗ್ಗೆ ಇಂಗ್ಲೆಂಡ್‌ಗೆ ಬೇಕಾದದ್ದು 35 ರನ್, ಉಳಿದದ್ದು ನಾಲ್ಕು ವಿಕೆಟ್. 80 ಓವರ್ ದಾಟಿದರೂ ಭಾರತ ಹೊಸ ಚೆಂಡು ತೆಗೆದುಕೊಳ್ಳಲಿಲ್ಲ. ಹಳೆಯದೇ ಸ್ವಿಂಗ್ ಆಗುತ್ತಿತ್ತು. ನಾಲ್ಕರಲ್ಲಿ ಮೂರನ್ನು ಸಿರಾಜ್ ತೆಗೆದರು, ಒಂದು ಪ್ರಸಿದ್ಧ್‌ಗೆ. ಗೆಲುವಿನ ಅಂತರ 6 ರನ್. ಚಿನ್ನಸ್ವಾಮಿಯಲ್ಲಿ ಹೊಸ ಚೆಂಡು ಮಾಡಿದ ಕೆಲಸವನ್ನು ಅಲ್ಲಿ ಹಳೆ ಚೆಂಡು ಮಾಡಿತು. ಈ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು, ಎರಡೂ ಸಲ ಕ್ಯಾಪ್ಟನ್ ಯಾಕೆ ಹಾಗೆ ಮಾಡಿದ ಅಂತ ಹುಡುಗರನ್ನೇ ಕೇಳುತ್ತೇನೆ.